ಅಜ್ಜನ ಕಣ್ಣಿಗೆ ದೂರು ಹೊರಿಸಬೇಡಿ

‘ಎಲ್ಲಾ ಆನ್‌ಲೈನ್‌ನಲ್ಲೇ ಇದೆಯಲ್ರೀ, ಮೊಬೈಲ್‌ನಲ್ಲೇ ನೋಡ್ಕೊಳ್ಳಿ.’

ಪಿಂಚಣಿ ಯಾಕೆ ನಿಂತಿತು ಎಂದು ಕೇಳಲು ಹೋದ ನಮ್ಮ ಬಳಗದ ಗೆಳತಿಯೊಬ್ಬಳ ಅಜ್ಜನಿಗೆ ಕಚೇರಿಯೊಂದರಲ್ಲಿ ಸಿಕ್ಕ ಉತ್ತರವಿದು. ಅಜ್ಜ ಮನೆಗೆ ಬಂದು ಮೊಮ್ಮಗಳ ಮೊಬೈಲ್ ಹಿಡಿದರು. ಅಕ್ಷರ ಇರುವೆಯಷ್ಟು. ಎರಡು ಬೆರಳಲ್ಲಿ ಎಳೆದರೂ ಪುಟ ಹಿಗ್ಗಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ‘ಸಲ್ಲಿಸಿ’ ಬಟನ್ನೇ ಮಾಯ. ಕೊನೆಗೆ ಸೈಬರ್ ಅಂಗಡಿಗೆ ಹೋಗಿ ಐವತ್ತು ರೂಪಾಯಿ ಕೊಟ್ಟರು. ‘ನಮ್ಮಂಥೋರಿಗೆ ಇವೆಲ್ಲ ಎಲ್ಲಿ ತಿಳೀತಾವೆ’ ಎಂದು ತಮ್ಮನ್ನೇ ಬೈದುಕೊಂಡರು.

ನಮ್ಮ ತಕರಾರು ಇರುವುದೇ ಇಲ್ಲಿ. ಪುಟ ಕೆಟ್ಟದಾಗಿ ಕಟ್ಟಿದವರನ್ನು ಯಾರೂ ಕೇಳುವುದಿಲ್ಲ. ‘ಹಳ್ಳಿಯವರಿಗೆ ಡಿಜಿಟಲ್ ತಿಳಿವಳಿಕೆ ಇಲ್ಲ’ ಎಂದು ತರಬೇತಿ ಶಿಬಿರ ಮಾಡುತ್ತಾರೆ. ಮೆಟ್ಟಿಲು ಮುರಿದಿದ್ದರೆ ಹತ್ತುವವರಿಗೆ ನಡಿಗೆ ಕಲಿಸುತ್ತೀರಾ?

ಪುಟ ಸರಿ ಇದೆಯೋ ಇಲ್ಲವೋ ನೋಡಲು ಎಂಜಿನಿಯರ್ ಬೇಕಿಲ್ಲ. ನಿಮ್ಮ ಮೊಬೈಲ್ ಸಾಕು.

1. ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ನ ‘ಆಕ್ಸೆಸಿಬಿಲಿಟಿ’ಗೆ ಹೋಗಿ ಅಕ್ಷರವನ್ನು 200%ಗೆ ಏರಿಸಿ. ಅಷ್ಟು ಹಿಗ್ಗಿದರೂ ಮಾಹಿತಿಯಾಗಲಿ ಬಟನ್ ಆಗಲಿ ಕಳೆದುಹೋಗಬಾರದು ಎಂಬುದು ಜಗತ್ತೇ ಒಪ್ಪಿದ ನಿಯಮ.

2. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿ. ‘ಕೆಂಪು ಬಣ್ಣದ ಜಾಗ ಕಡ್ಡಾಯವಾಗಿ ತುಂಬಿ’ ಎಂದಿದ್ದರೆ ಯಾವುದು ಕೆಂಪು, ಗೊತ್ತಾಗುತ್ತದೆಯೇ? ಕೆಂಪು-ಹಸಿರು ಗುರುತಿಸಲಾಗದವರ ಪಾಡು ಹೀಗೇ ಇರುತ್ತದೆ.

3. ಸುತ್ತೋಲೆಯ ಪಿಡಿಎಫ್ ತೆರೆದು ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿ. ಸಾಲು ಕೈಗೇ ಸಿಗದಿದ್ದರೆ ಅದು ಬರೀ ಸ್ಕ್ಯಾನ್ ಮಾಡಿದ ಚಿತ್ರ. ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಬಂದರೆ ಯೂನಿಕೋಡ್ ಅಲ್ಲದ ಹಳೆಯ ಫಾಂಟ್. ಎರಡನ್ನೂ ಅಂಧರ ಫೋನು ಸರಿಯಾಗಿ ಓದಿ ಹೇಳಲಾರದು.

4. ಆಕ್ಸೆಸಿಬಿಲಿಟಿಯಲ್ಲಿ ‘ಟಾಕ್‌ಬ್ಯಾಕ್’ ಆನ್ ಮಾಡಿ ಕಣ್ಣು ಮುಚ್ಚಿ ಕೇಳಿ. ಬರೀ ‘ಬಟನ್, ಬಟನ್’ ಎಂದರೆ ಯಾವ ಬಟನ್ ಎಂದು ತಿಳಿಯುವುದು ಹೇಗೆ? (ಅದು ಆನ್ ಇರುವಾಗ ಒಮ್ಮೆ ಮುಟ್ಟಿದರೆ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಆಫ್ ಮಾಡಲೂ ಹಾಗೆಯೇ.)

ಈ ನಾಲ್ಕರಲ್ಲಿ ಪಾಸಾದ ಮಾತ್ರಕ್ಕೆ ಪುಟ ಪೂರ್ತಿ ಸರಿ ಎಂದಲ್ಲ. ಆದರೆ ಇಷ್ಟರಲ್ಲೇ ಫೇಲಾದ ಪುಟಕ್ಕೆ ನೆಪ ಹೇಳಲು ಏನೂ ಉಳಿಯುವುದಿಲ್ಲ.

‘ಸೈಬರ್ ಅಂಗಡಿ ಇದೆಯಲ್ಲ’ ಎನ್ನುವವರಿದ್ದಾರೆ. ಆಧಾರ್ ಸಂಖ್ಯೆ, ಓಟಿಪಿ ಯಾರಿಗೂ ಕೊಡಬೇಡಿ ಎಂದು ದಿನಾ ಹೇಳುವವರೂ ಇವರೇ. ತಾನೇ ಓದಲಾಗದ ಪುಟ ಕೊಟ್ಟರೆ ಅಜ್ಜ ಅದನ್ನು ಇನ್ನೊಬ್ಬರ ಕೈಗೆ ಕೊಡದೆ ಇನ್ನೇನು ಮಾಡಬೇಕು?

ಇದು ದಯೆಯ ಮಾತಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಮು ಎಲೆಕ್ಟ್ರಾನಿಕ್ ಮಾಹಿತಿ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುತ್ತದೆ. ಡಿಜಿಟಲ್ ಸೇವೆ ತಲುಪುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ.

ಬೆರಳು ತೋರಿಸುವ ಮುನ್ನ ನಮ್ಮ ಬ್ಲಾಗನ್ನೂ ಪರೀಕ್ಷಿಸಿದೆವು. ಫೇಲಾದೆವು. ಚೆಂದ ಕಾಣಲೆಂದು ಹಾಕಿದ್ದ ತಿಳಿ ಬೂದು ಅಕ್ಷರ ಹೊಲದ ಬಿಸಿಲಲ್ಲಿ ಕಾಣುತ್ತಲೇ ಇರಲಿಲ್ಲ. ಸುದ್ದಿಯನ್ನು ಚಿತ್ರದೊಳಗೆ ಬರೆದು ಹಾಕುತ್ತಿದ್ದೆವು. ಅಕ್ಷರ ಕಪ್ಪಾಗಿಸಿದೆವು, ಚಿತ್ರದೊಳಗಿನ ಮಾತನ್ನು ಕೆಳಗೆ ಟೈಪ್ ಮಾಡಿದೆವು. ಒಂದು ಸಂಜೆಯ ಕೆಲಸ. ದುಡ್ಡು, ಸಿಬ್ಬಂದಿ ಎರಡೂ ಇರುವ ಇಲಾಖೆಗಳಿಗೆ ಇದು ಯಾಕೆ ಆಗುವುದಿಲ್ಲ?

ನಿಮಗೆ ತೀರಾ ಬೇಕಾದ ಒಂದು ಸರ್ಕಾರಿ ಪುಟವನ್ನು ಇವತ್ತೇ ಪರೀಕ್ಷಿಸಿ. ಕೆಟ್ಟಿದ್ದರೆ ಸ್ಕ್ರೀನ್‌ಶಾಟ್ ತೆಗೆದು, ಎಲ್ಲಿ ಏನಾಯಿತು ಎಂದು ಎರಡು ಸಾಲು ಬರೆದು ಇಲಾಖೆಗೆ ದೂರು ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಮತ್ತೆ ಯಾವ ಅಜ್ಜನೂ ತನ್ನನ್ನೇ ಬೈದುಕೊಳ್ಳುವಂತಾಗಬಾರದು.