ಎಪ್ಪತ್ತರಲ್ಲಿ ಹೊರಟವನು

ಮೂವತ್ತು ದಾಟುವುದೇ ತಡ, “ಇನ್ನು ನಮ್ಮಿಂದೇನಾದೀತು, ವಯಸ್ಸಾಯಿತು” ಎನ್ನುವುದು ಗುಮಾಸ್ತರಾದ ನಮಗೆ ರೂಢಿಯಾಗಿದೆ. ನಾವೇ ಹೀಗಂದರೆ ಮನೆಯ ಹಿರಿಯರ ಪಾಡೇನು? ಇದಕ್ಕೆ ಉತ್ತರವಾಗಬಲ್ಲ ಮಹಾಶಯನೊಬ್ಬ ಅಮೇರಿಕದಲ್ಲಿದ್ದನು. ಹೆಸರು ಎಡ್ವರ್ಡ್ ಪೇಸನ್ ವೆಸ್ಟನ್; ವೃತ್ತಿ, ನಡೆಯುವುದು.

ಆತನು ಹುಟ್ಟಿದ್ದು 1839ರಲ್ಲಿ. ಅವನ ನಡಿಗೆಗೆ ನಾಂದಿಯಾದದ್ದು ಸೋತ ಪಂದ್ಯವೊಂದು. 1860ರ ಚುನಾವಣೆಯಲ್ಲಿ ಲಿಂಕನ್ ಸೋಲುವನೆಂದು ಗೆಳೆಯನೊಡನೆ ಪಣ ಕಟ್ಟಿದ್ದನು. ಲಿಂಕನ್ ಗೆದ್ದನು. ಪಣದಂತೆ ವೆಸ್ಟನ್ ಬಾಸ್ಟನ್ನಿನಿಂದ ವಾಷಿಂಗ್ಟನ್ನಿಗೆ ಹತ್ತು ದಿನಗಳಲ್ಲಿ ನಡೆದುಹೋಗಿ ಅಧ್ಯಕ್ಷರ ಪ್ರಮಾಣವಚನವನ್ನು ನೋಡಬೇಕಾಗಿತ್ತು. ದಾರಿ 478 ಮೈಲಿ. ಹಿಮ, ಕೆಸರು ಬೇರೆ. 1861ರ ಮಾರ್ಚ್ 4ರ ಸಂಜೆ ಆತನು ಊರು ಸೇರಿದಾಗ ಸಮಾರಂಭ ಮುಗಿದು ಕೆಲವು ತಾಸುಗಳಾಗಿದ್ದವು. ಆದರೇನು? ರಾತ್ರಿಯ ನೃತ್ಯಕೂಟಕ್ಕೆ ಹೋಗಿಯೇ ಬಂದನು!

1867ರಲ್ಲಿ ಪೋರ್ಟ್‌ಲೆಂಡಿನಿಂದ ಶಿಕಾಗೋವರೆಗೆ, 1200ಕ್ಕೂ ಹೆಚ್ಚು ಮೈಲಿಗಳನ್ನು 26 ದಿನಗಳಲ್ಲಿ ನಡೆದು 10,000 ಡಾಲರು ಗಳಿಸಿದನು. ಭಾನುವಾರ ಹೆಜ್ಜೆಯಿಡುವುದಿಲ್ಲವೆಂಬುದು ಅವನ ವ್ರತ. ಲೆಕ್ಕದಲ್ಲಿ ಆ ದಿನಗಳು ಸೇರಲಿಲ್ಲ. ಆ ಕಾಲದಲ್ಲಿ ಸಭಾಂಗಣದೊಳಗೆ ಆರು ದಿನ ಸುತ್ತು ಹಾಕುವ ಸ್ಪರ್ಧೆಗಳನ್ನು ಜನ ಹಣ ಕೊಟ್ಟು ನೋಡುತ್ತಿದ್ದರು. 1879ರಲ್ಲಿ ಲಂಡನ್ನಿನ ಅಂಥದೊಂದು ಸ್ಪರ್ಧೆಯಲ್ಲಿ 550 ಮೈಲಿ ಕ್ರಮಿಸಿ ಆ್ಯಸ್ಟ್ಲಿ ಪಟ್ಟಿಯನ್ನು ಗೆದ್ದನು.

ಇಷ್ಟೇ ಆಗಿದ್ದರೆ ಹರೆಯದ ಸಾಹಸವೆಂದು ಸುಮ್ಮನಾಗಬಹುದಿತ್ತು. ಸ್ವಾರಸ್ಯವಿರುವುದು ಮುಂದೆ. 1907ರಲ್ಲಿ, ಸರಿಯಾಗಿ ನಾಲ್ವತ್ತು ವರ್ಷಗಳ ಮೇಲೆ, ವೆಸ್ಟನ್ ಪೋರ್ಟ್‌ಲೆಂಡಿನಿಂದ ಶಿಕಾಗೋಗೆ ಮತ್ತೆ ಹೊರಟನು. ವಯಸ್ಸು ಅರವತ್ತೆಂಟು. ಇಪ್ಪತ್ತೆಂಟರ ತರುಣನಾಗಿ ತಾನು ತೆಗೆದುಕೊಂಡಿದ್ದ ಕಾಲಕ್ಕಿಂತ ಒಂದು ದಿನಕ್ಕೂ ಹೆಚ್ಚು ಮೊದಲೇ ಗುರಿ ಮುಟ್ಟಿದನು! ತನ್ನನ್ನು ತಾನೇ ಸೋಲಿಸುವುದೆಂದರೆ ಇದೇ ಅಲ್ಲವೇ?

1909ರ ಮಾರ್ಚ್ 15, ಆತನ ಎಪ್ಪತ್ತನೆಯ ಹುಟ್ಟುಹಬ್ಬ. ಅಂದು ನ್ಯೂಯಾರ್ಕಿನ ಅಂಚೆ ಕಚೇರಿಯ ಮುಂದಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟನು. ನೂರು ದಿನಗಳ ಗಡುವು. ಬಿರುಗಾಳಿ, ಹಿಮ, ಕೆಸರುಗಳನ್ನು ದಾಟಿ, ರೈಲು ಹಳಿಗಳ ಗುಂಟ ನಡೆದು ತಲುಪಿದಾಗ ಭಾನುವಾರಗಳನ್ನು ಬಿಟ್ಟೂ ನಾಲ್ಕು ದಿನ ಮೀರಿತ್ತು. ಲೋಕ ಕೊಂಡಾಡಿತು, ಗಡುವು ತಪ್ಪಿದ್ದು ಅವನಿಗೆ ಮಾತ್ರ ಸಹಿಸಲಿಲ್ಲ. ಮರುವರ್ಷವೇ ಪಶ್ಚಿಮದಿಂದ ಪೂರ್ವಕ್ಕೆ, ಲಾಸ್ ಏಂಜಲಿಸಿನಿಂದ ನ್ಯೂಯಾರ್ಕಿಗೆ ನಡೆದನು. ತೊಂಬತ್ತು ದಿನಗಳ ಗುರಿಯಿಟ್ಟುಕೊಂಡದ್ದನ್ನು 77 ದಿನಗಳೊಳಗೆ ಮುಗಿಸಿದನು. 1913ರಲ್ಲಿ, ಎಪ್ಪತ್ತನಾಲ್ಕರಲ್ಲಿ, ನ್ಯೂಯಾರ್ಕಿನಿಂದ ಮಿನಿಯಾಪೊಲಿಸಿನವರೆಗೆ 1500ಕ್ಕೂ ಹೆಚ್ಚು ಮೈಲಿ.

ಮೋಟಾರು ಬಂದು ಮನುಷ್ಯನನ್ನು ಸೋಮಾರಿಯಾಗಿಸುತ್ತದೆಂದು ಆತನು ಎಚ್ಚರಿಸುತ್ತಿದ್ದನು. ವಿಧಿಯ ಆಟ ನೋಡಿ: 1927ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಟ್ಯಾಕ್ಸಿಯೊಂದು ಅವನಿಗೆ ಬಡಿಯಿತು. ಖಂಡವನ್ನೇ ಎರಡು ಸಲ ದಾಟಿದ ಕಾಲುಗಳು ಮತ್ತೆ ನಡೆಯಲಿಲ್ಲ. 1929ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ನಡಿಗೆಯನ್ನು ನಿಲ್ಲಿಸಿದ್ದು ಮುಪ್ಪಲ್ಲ, ಪಟ್ಟಣದ ಬೀದಿ.

ಇಲ್ಲಿಯೇ ನಮ್ಮ ಮನೆಯ ಮಾತು ಬರುತ್ತದೆ. ನಾವು ಊರಿನಿಂದ ಕರೆತಂದ ತಂದೆತಾಯಿಗಳು ಅಲ್ಲಿ ಹೊಲ, ಗುಡಿ, ಸಂತೆ ಎಂದು ದಿನಕ್ಕೆ ಮೂರು ನಾಲ್ಕು ಮೈಲಿ ಅನಾಯಾಸವಾಗಿ ನಡೆಯುತ್ತಿದ್ದವರು. ಇಲ್ಲಿ ಮೂರನೆಯ ಮಾಳಿಗೆಯ ಕಿಟಕಿಯೇ ಅವರ ಲೋಕ. “ಅಪ್ಪಾ, ಒಬ್ಬರೇ ಇಳಿಯಬೇಡಿ, ವಾಹನಗಳ ಕಾಟ, ದಾರಿ ಕೇಳಲು ಭಾಷೆಯೂ ಬಾರದು” ಎನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ. ಆದರೆ ಆ ಪ್ರೀತಿಯ ಮಾತೇ ಅವರ ಕಾಲಿಗೆ ಸಂಕೋಲೆಯಾಗುತ್ತಿದೆ. ಮಂಡಿ ಹಿಡಿದದ್ದಕ್ಕೆ ನಾವು ವಯಸ್ಸನ್ನು ದೂರುತ್ತೇವೆ!

ಯಾರೂ ಖಂಡ ದಾಟಬೇಕಾಗಿಲ್ಲ. ವೆಸ್ಟನ್ನನಿಗೆ ಭಾನುವಾರ ವಿಶ್ರಾಂತಿ. ನಮಗೆ ಬಿಡುವು ಸಿಗುವುದೇ ಭಾನುವಾರ. ಅಂದು ಬೆಳಿಗ್ಗೆ, ಬೀದಿ ಎಚ್ಚರಗೊಳ್ಳುವ ಮೊದಲು, ನೆರೆಯ ಎರಡು ಮೂರು ಕನ್ನಡ ಮನೆಗಳವರು ಕೂಡಿ ಹಿರಿಯರನ್ನು ಉದ್ಯಾನದವರೆಗೆ ಕರೆದೊಯ್ಯೋಣ. ರಸ್ತೆ ದಾಟುವಾಗ ಕೈ ಹಿಡಿಯೋಣ, ಆಮೇಲೆ ಬಿಟ್ಟುಬಿಡೋಣ. ಅವರು ತಮ್ಮತಮ್ಮಲ್ಲಿ ಊರ ಮಾತಾಡುತ್ತ ಮುಂದೆ ನಡೆಯಲಿ. ಅವರ ಹೆಜ್ಜೆಗೆ ನಮ್ಮ ಹೆಜ್ಜೆ ಸಾಟಿಯಾದೀತೇ ಎಂಬುದನ್ನು ಆಗ ನೋಡೋಣ.