ಅಧಿಕಾರಿಗೆ ಅವಧಿ ಬೇಕು

ಆಡಳಿತವನ್ನು ತಿದ್ದುವ ವಿಷಯದಲ್ಲಿ ನಮ್ಮ ದೇಶಕ್ಕೆ ಸಲಹೆಗಳ ದಾರಿದ್ರ್ಯವೆಂಬುದು ಎಂದೂ ಇದ್ದಿಲ್ಲ. 1966ರಲ್ಲಿ ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯಲ್ಲಿ ರಚಿತವಾಗಿ, ಮರುವರ್ಷ ನಮ್ಮ ಕೆಂಗಲ್ ಹನುಮಂತಯ್ಯನವರ ಕೈಗೆ ಬಂದ ಮೊದಲನೆಯ ಆಡಳಿತ ಸುಧಾರಣಾ ಆಯೋಗವು 20 ವರದಿಗಳನ್ನು ಸಲ್ಲಿಸಿತು. 2005ರಲ್ಲಿ ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಎರಡನೆಯದು 15 ವರದಿಗಳನ್ನು ಸಲ್ಲಿಸಿತು. ಮೊದಲನೆಯ ಆಯೋಗವು ಸೂಚಿಸಿದ ಲೋಕಪಾಲರ ಸ್ಥಾನವು ತುಂಬಿದ್ದು 2019ರಲ್ಲಿ! ಈ ವಿಳಂಬಕ್ಕಿಂತಲೂ ಗುರುತರವಾದ ವ್ಯಾಧಿಯೊಂದು ನಮ್ಮ ಆಡಳಿತವನ್ನು ಕಾಡುತ್ತಿದೆ. ಅದು ಅಕಾಲಿಕ ವರ್ಗಾವಣೆ.

ಸುಧಾರಣೆ ಫಲಿಸಿದ ನಿದರ್ಶನವೊಂದು ನಮ್ಮ ಕರ್ನಾಟಕದಲ್ಲಿಯೇ ಉಂಟು. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿ ಅಡಗಿದ್ದು, ರೈತನು ಕಾಡಿ ಬೇಡಿ, ಅನೇಕ ವೇಳೆ ಕೈಬೆಚ್ಚಗೆ ಮಾಡಿ ಪಡೆಯಬೇಕಾಗಿದ್ದ ಪಹಣಿಯು, ಭೂದಾಖಲೆಗಳನ್ನು ಗಣಕೀಕರಿಸಿದ 'ಭೂಮಿ' ಯೋಜನೆಯ ದೆಸೆಯಿಂದ ಈ ಶತಮಾನದ ಆರಂಭದಲ್ಲಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ದೊರೆಯುವಂತಾಯಿತು. ಸುಮಾರು 2 ಕೋಟಿ ದಾಖಲೆಗಳು ಗಣಕಯಂತ್ರವನ್ನು ಸೇರಿದವು. ಆದರೆ ಇದರ ಕೀರ್ತಿಯನ್ನೆಲ್ಲ ಯಂತ್ರಕ್ಕೆ ಸಲ್ಲಿಸುವುದು ಯುಕ್ತವಲ್ಲ. ಯಂತ್ರದ ಪ್ರಯತ್ನವು 1990ರ ದಶಕದ ಮೊದಲ ವರ್ಷಗಳಲ್ಲಿಯೂ ನಡೆದಿತ್ತು, ಕೈಗೂಡಿರಲಿಲ್ಲ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಲೇ ಮಾಡತಕ್ಕದ್ದೆಂಬ ಕಟ್ಟಳೆಯೂ, ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂಬ ದೃಢ ನಿರ್ಧಾರವೂ ಕೂಡಿಬಂದುವು. ಇವೆರಡಕ್ಕಿಂತ ಮಿಗಿಲಾಗಿ, ಕಾರ್ಯದ ಹೊಣೆ ಹೊತ್ತಿದ್ದ ಅಧಿಕಾರಿ ರಾಜೀವ್ ಚಾವ್ಲಾ ಅವರು ಹಲವು ವರ್ಷಗಳ ಕಾಲ ಅದರಲ್ಲಿಯೇ ನೆಲೆನಿಂತರು.

ಈ ಭಾಗ್ಯವು ನಮ್ಮ ತಹಶೀಲ್ದಾರರಲ್ಲಿ ಎಷ್ಟು ಮಂದಿಗಿದೆ? ಕೆರೆಯಂಗಳದ ಒತ್ತುವರಿಯನ್ನು ತೆರವುಗೊಳಿಸಲು ಅಥವಾ ಮರಳಿನ ಲಾರಿಯೊಂದನ್ನು ತಡೆಯಲು ಹೊರಟವನಿಗೆ, ಬೆಳಗಾಗುವುದರೊಳಗಾಗಿ ಸ್ಥಳವನ್ನೇ ತೋರಿಸದ ವರ್ಗಾವಣೆಯ ಆದೇಶ ಬರಬಹುದು. ಅವನು ಆಡಳಿತ ನ್ಯಾಯಮಂಡಳಿಯಿಂದ ತಡೆಯಾಜ್ಞೆ ತಂದರೆ ಒಂದೇ ಕುರ್ಚಿಗೆ ಇಬ್ಬರು ಅಧಿಕಾರಿಗಳಾಗಿ, ಅರ್ಜಿ ಹಿಡಿದು ಬಂದ ಮುದುಕಿಯು ಯಾರನ್ನು ಕಾಣಬೇಕೆಂದು ತಿಳಿಯದೆ ಹಿಂದಿರುಗುತ್ತಾಳೆ. ಇಂಥ ಸ್ಥಿತಿಯಲ್ಲಿ ವಿವೇಕಿಯಾದ ನೌಕರನು ನಿರ್ಣಯ ಕೈಗೊಳ್ಳುವುದನ್ನೇ ಬಿಟ್ಟು, ಸ್ಪಷ್ಟೀಕರಣ ಕೋರಿ ಕಡತವನ್ನು ಮೇಲಕ್ಕೆ ಕಳುಹಿಸಿ ಸುಮ್ಮನಾಗುತ್ತಾನೆ. ನಾವು ಆಲಸ್ಯವೆಂದು ಹಳಿಯುವುದರಲ್ಲಿ ಬಹುಭಾಗವು ಭೀತಿ. ಹಣ ತೆತ್ತು ಸ್ಥಳ ಗಿಟ್ಟಿಸಿದವನ ಮಾತೇ ಬೇರೆ. ತೆತ್ತದ್ದನ್ನು ಅವನು ಪ್ರಜೆಯಿಂದಲೇ ವಸೂಲು ಮಾಡುತ್ತಾನೆ.

ಜನರಿಗೆ ಉತ್ತರ ಹೇಳಬೇಕಾದವರು ನಾವಾದುದರಿಂದ ಕೆಲಸ ಮಾಡದವನನ್ನು ಬದಲಿಸುವ ಅಧಿಕಾರ ನಮಗಿರಬೇಕೆಂದು ಶಾಸಕರು ವಾದಿಸುತ್ತಾರೆ. ಈ ವಾದವು ತಳ್ಳಿಹಾಕತಕ್ಕದ್ದಲ್ಲ. ಆದರೆ ಅಸಮರ್ಥನನ್ನು ವರ್ಗಾಯಿಸುವುದೆಂದರೆ ಒಂದು ತಾಲ್ಲೂಕಿನ ಸಂಕಷ್ಟವನ್ನು ಇನ್ನೊಂದರ ಮೇಲೆ ಹೊರಿಸುವುದು. ಅವನಿಗೆ ಇಲಾಖಾ ವಿಚಾರಣೆಯುಂಟು, ಶಿಕ್ಷೆಯುಂಟು. ಅವಧಿಯ ಭದ್ರತೆಯಂತೂ ಹೊಸ ಬೇಡಿಕೆಯಲ್ಲ. ಮೌಖಿಕ ಆಜ್ಞೆಗಳನ್ನು ಬರಹದಲ್ಲಿ ದಾಖಲಿಸಬೇಕು, ಅಧಿಕಾರಿಗಳಿಗೆ ಕನಿಷ್ಠ ಅವಧಿ ನಿಗದಿಯಾಗಬೇಕು ಎಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ವಿಧಿಸಿತು. ತದನುಸಾರವಾಗಿ ಕೇಂದ್ರವು 2014ರಲ್ಲಿ ಐಎಎಸ್ ಅಧಿಕಾರಿಗಳಿಗೆ ಕನಿಷ್ಠ ಎರಡು ವರ್ಷಗಳನ್ನು ಗೊತ್ತುಪಡಿಸಿ, ಅದಕ್ಕೆ ಮೊದಲು ಕದಲಿಸಬೇಕಾದರೆ ನಾಗರಿಕ ಸೇವಾ ಮಂಡಳಿಯ ಶಿಫಾರಸು ಬೇಕೆಂದಿತು. ಮಂಡಳಿಯ ಮಾತನ್ನು ಸರ್ಕಾರ ಒಪ್ಪದಿರಬಹುದು, ಕಾರಣವನ್ನು ಬರೆದಿಟ್ಟರೆ ಸಾಕು. ಆ ಕಾರಣವಾದರೋ ಕಡತದೊಳಗೇ ಉಳಿಯುತ್ತದೆ. ಪ್ರಜೆಗಳ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ರಾಜ್ಯ ಶಾಸಕಾಂಗವು ವರ್ಗಾವಣೆಯ ಮಾರ್ಗಸೂಚಿಗಳನ್ನು ನೆಚ್ಚಿ ಕೂರದೆ, ತಹಶೀಲ್ದಾರ, ಉಪನೋಂದಣಾಧಿಕಾರಿ ಇವರಿಗೂ ಅನ್ವಯಿಸುವಂತೆ ಎರಡು ವರ್ಷಗಳ ಅವಧಿಯನ್ನು ಶಾಸನದಲ್ಲಿಯೇ ವಿಧಿಸಬೇಕು. ಅದಕ್ಕೆ ಮುನ್ನ ಯಾರನ್ನಾದರೂ ಕದಲಿಸಿದಲ್ಲಿ, ಯಾರ ಕೋರಿಕೆಯ ಮೇಲೆ, ಯಾವ ಕಾರಣಕ್ಕಾಗಿ ಎಂಬುದನ್ನು ಆದೇಶದಲ್ಲಿಯೇ ಬರೆದು, ಅದೇ ದಿನ ಆ ಕಚೇರಿಯ ಸೂಚನಾಫಲಕದ ಮೇಲೆ ಅಂಟಿಸತಕ್ಕದ್ದು.