ಪರರ ಗಂಟಿನ ಕಾವಲು

ಯುನೊಕಾಯಿನ್ ಎಂಬ ಬಿಟ್‌ಕಾಯಿನ್ ವಿನಿಮಯ ಕಂಪನಿ 2013ರಲ್ಲಿ ಹುಟ್ಟಿದ್ದು ತುಮಕೂರಿನಲ್ಲಿ. ಸಾತ್ವಿಕ್ ವಿಶ್ವನಾಥ್, ಬಿ.ವಿ. ಹರೀಶ್, ಅಭಿನಂದ್ ಕಾಸೆಟಿ, ಸನ್ನಿ ರೇ ಇದರ ಸ್ಥಾಪಕರು. ಚೀನಾದಲ್ಲಿ ಹುವೊಬಿ, ಓಕೆಕಾಯಿನ್ ಕಂಪನಿಗಳು ಬಾಗಿಲು ತೆರೆದದ್ದೂ ಅದೇ ವರ್ಷ. ತಿಪಟೂರು, ತುರುವೇಕೆರೆ, ದಂಡಿನಶಿವರದ ಜನ ಕೋರ್ಟು ಕಚೇರಿಗೆಂದು ಹೋಗಿಬರುವ ತುಮಕೂರಿನಂಥ ಜಿಲ್ಲಾ ಕೇಂದ್ರವೊಂದು ಹೀಗೆ ಭಾರತದ ಕ್ರಿಪ್ಟೋ ವ್ಯಾಪಾರದ ತವರುಗಳಲ್ಲಿ ಒಂದಾಯಿತು. ಇಂಥ ಉದ್ಯಮ ಕಟ್ಟಿದವರನ್ನು ಅವರು ಗಳಿಸಿದ ಸಂಪತ್ತಿನಿಂದ ಅಳೆಯುವುದು ವಾಡಿಕೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಪರರು ನಂಬಿ ಇಟ್ಟ ಗಂಟನ್ನು ಅವರು ಹೇಗೆ ಕಾಯ್ದರು, ಕಾಯದಿದ್ದರೆ ಕೇಳುವವರು ಯಾರಿದ್ದರು?

ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ 2008ರಲ್ಲಿ ಬಂದ ಲೇಖನ, ಬ್ಯಾಂಕಿನ ಮಧ್ಯಸ್ಥಿಕೆಯಿಲ್ಲದೆ ಹಣ ಕೈಬದಲಾಯಿಸುವ ಬಿಟ್‌ಕಾಯಿನ್ ಎಂಬ ದಾರಿಯನ್ನು ವಿವರಿಸಿತ್ತು. ಆದರೆ ರೂಪಾಯಿ ಕೊಟ್ಟು ಬಿಟ್‌ಕಾಯಿನ್ ಕೊಳ್ಳಲು ಜಾಗವೊಂದು ಬೇಕಾಯಿತು. ಬೇಡವೆಂದಿದ್ದ ಮಧ್ಯವರ್ತಿ ಅಲ್ಲಿ ಮರಳಿ ಬಂದ, ಮೊದಲಿಗಿಂತ ಬಲವಾಗಿ. ತಿಪಟೂರಿನ ಕೊಬ್ಬರಿ ವಹಿವಾಟನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಬಲ ಎಷ್ಟೆಂದು ತಿಳಿಯುತ್ತದೆ. ರೈತ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡಿ ಮಂಡಿಗೆ ತರುತ್ತಾನೆ. ತೂಕ ಮಾಡಿಸುವವರು ದಲ್ಲಾಳಿಗಳು, ಟೆಂಡರಿನಲ್ಲಿ ಬೆಲೆ ನಮೂದಿಸುವವರು ಖರೀದಿದಾರರು, ಎಲ್ಲರಿಗೂ ಪರವಾನಗಿ ಕೊಟ್ಟು ಲೆಕ್ಕ ಕೇಳುವುದು ಎಪಿಎಂಸಿ, ಅಂದರೆ ಕೃಷಿ ಮಾರುಕಟ್ಟೆ ಸಮಿತಿ. ಅಲ್ಲೂ ಮೋಸ ನಡೆಯುವುದುಂಟು, ಆದರೆ ಒಬ್ಬೊಬ್ಬರ ಕೆಲಸ ಬೇರೆ ಬೇರೆ. ಕ್ರಿಪ್ಟೋ ವಿನಿಮಯ ಕೇಂದ್ರದಲ್ಲಿ ದಲ್ಲಾಳಿ, ತಕ್ಕಡಿ, ಗೋದಾಮು ಎಲ್ಲವೂ ಒಂದೇ ಕಂಪನಿ. ಗ್ರಾಹಕನ ನಾಣ್ಯ ವರ್ಗಾಯಿಸಲು ಬೇಕಾದ ಗುಪ್ತ ಕೀಲಿ ಇರುವುದು ಕಂಪನಿಯ ಕೈಯಲ್ಲಿ. ಗ್ರಾಹಕನಿಗೆ ಕಾಣುವುದು ಪರದೆಯ ಮೇಲಿನ ಅಂಕಿ ಮಾತ್ರ.

ಈ ಅಧಿಕಾರ ಒಬ್ಬ ಉದ್ಯಮಿಯನ್ನು ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಚಾಂಗ್‌ಪೆಂಗ್ ಜಾವೊ ಅವರ ಬದುಕು ಸಾಕ್ಷಿ. ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಅವರು 2017ರಲ್ಲಿ ಬೈನಾನ್ಸ್ ಎಂಬ ವಿನಿಮಯ ಕೇಂದ್ರ ಕಟ್ಟಿದರು. ಆ ಸೆಪ್ಟೆಂಬರಿನಲ್ಲೇ ಚೀನಾ ಸರ್ಕಾರ ಇಂಥ ಕೇಂದ್ರಗಳ ಮೇಲೆ ಕೈಮಾಡಿತು. ಕಂಪನಿ ದೇಶದಿಂದ ದೇಶಕ್ಕೆ ಸರಿಯಿತು, ವರ್ಷ ತುಂಬುವುದರೊಳಗೆ ಜಗತ್ತಿನ ಅತಿ ದೊಡ್ಡ ವಿನಿಮಯ ಕೇಂದ್ರಗಳ ಸಾಲಿಗೆ ಸೇರಿತು. ನೆಲೆಯೊಂದಿಲ್ಲದಿರುವುದೇ ಅದರ ಬೆಳವಣಿಗೆಯ ಗುಟ್ಟು, ಅದೇ ಅದರ ದೋಷ. ಅಕ್ರಮ ಹಣದ ಸಾಗಾಟ ತಡೆಯುವ ವ್ಯವಸ್ಥೆ ಇಟ್ಟುಕೊಳ್ಳಲಿಲ್ಲವೆಂದು 2023ರ ನವೆಂಬರಿನಲ್ಲಿ ಜಾವೊ ಅಮೆರಿಕದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಹುದ್ದೆ ಬಿಟ್ಟರು. ಕಂಪನಿ 430 ಕೋಟಿ ಡಾಲರಿಗೂ ಹೆಚ್ಚು ತೆರಬೇಕಾಯಿತು. ಜಾವೊಗೆ ನಾಲ್ಕು ತಿಂಗಳ ಸೆರೆಯಾಯಿತು. 2025ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರು ಕ್ಷಮಾದಾನ ಕೊಟ್ಟರು. ಗ್ರಾಹಕರ ಠೇವಣಿಯನ್ನೇ ತನ್ನ ಸೋದರ ಕಂಪನಿಗೆ ಸುರಿದು 2022ರ ನವೆಂಬರಿನಲ್ಲಿ ಮುಳುಗಿದ ಎಫ್‌ಟಿಎಕ್ಸ್ ಎಂಬ ವಿನಿಮಯ ಕೇಂದ್ರದ ಕಥೆ ಇನ್ನೂ ಘೋರ.

ಯುನೊಕಾಯಿನ್ ಹಾದಿ ಇದಕ್ಕೆ ವಿರುದ್ಧವಾದದ್ದು. ಅದು ದೇಶ ಬಿಟ್ಟು ಓಡಲಿಲ್ಲ. ಬಿದ್ದ ಪೆಟ್ಟನ್ನೆಲ್ಲ ಇಲ್ಲೇ ತಿಂದಿತು. ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಕೂಡದೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಬ್ಯಾಂಕಿನ ದಾರಿ ಮುಚ್ಚಿದಾಗ ಕಂಪನಿ ಬೆಂಗಳೂರಿನ ಮಾಲೊಂದರಲ್ಲಿ ಗ್ರಾಹಕರು ತಮ್ಮ ಖಾತೆಗೆ ನಗದು ಹಾಕುವ, ತೆಗೆಯುವ ಯಂತ್ರ ಇಟ್ಟಿತು. ಆ ಅಕ್ಟೋಬರಿನಲ್ಲಿ ಪೊಲೀಸರು ಯಂತ್ರ ವಶಪಡಿಸಿಕೊಂಡು ಇಬ್ಬರು ಸ್ಥಾಪಕರನ್ನು ಬಂಧಿಸಿದರು. ಅವರು ಜಾಮೀನಿನ ಮೇಲೆ ಹೊರಬಂದರು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನು ರದ್ದು ಮಾಡಿತು. ರಿಸರ್ವ್ ಬ್ಯಾಂಕಿಗೆ ಅಧಿಕಾರವಿದೆ, ಆದರೆ ಆಗಿರುವ ಹಾನಿಯನ್ನು ತೋರಿಸದೆ ಇಷ್ಟು ಕಠಿಣ ಕ್ರಮ ಕೈಗೊಂಡದ್ದು ಮಿತಿ ಮೀರಿದ್ದು ಎಂಬುದು ತೀರ್ಪಿನ ತಿರುಳು. ವ್ಯಾಪಾರವನ್ನು ನಿಷೇಧಿಸದೆ ಬ್ಯಾಂಕನ್ನಷ್ಟೇ ಮುಚ್ಚಿದರೆ ವ್ಯವಹಾರ ನಗದಿಗೆ ಇಳಿಯುತ್ತದೆ, ಲೆಕ್ಕ ಸಿಗದಂತಾಗುತ್ತದೆ. ಕಾವಲಿನ ದೃಷ್ಟಿಯಿಂದ ಅದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ.

ಆಮೇಲೆ ಬಂದ ಕಾನೂನು ಸರ್ಕಾರದ ಪಾಲನ್ನು ಮೊದಲು ನೋಡಿಕೊಂಡಿತು. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ 30 ತೆರಿಗೆ, ಜುಲೈನಿಂದ ಮಾರಾಟದ ಮೊತ್ತಕ್ಕೆ ಶೇ 1 ಮೂಲದಲ್ಲೇ ಕಡಿತ. ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2023ರ ಮಾರ್ಚ್‌ನಲ್ಲಿ ಈ ಕೇಂದ್ರಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದವು, ಗ್ರಾಹಕರ ಗುರುತು ದಾಖಲಿಸುವುದು ಕಡ್ಡಾಯವಾಯಿತು. ತೆರಿಗೆಯೂ ಈ ಕಾಯ್ದೆಯೂ ಬೇಕಾದವೇ. ಆದರೆ ಗ್ರಾಹಕನ ಆಸ್ತಿ ಕಂಪನಿಯ ಆಸ್ತಿಯೊಡನೆ ಬೆರೆಯಬಾರದು, ಸ್ವತಂತ್ರ ಲೆಕ್ಕ ತಪಾಸಣೆ ನಡೆಯಬೇಕು, ಕಳವಾದರೆ ಯಾರು ತುಂಬಿಕೊಡಬೇಕು ಎಂಬುದನ್ನೆಲ್ಲ ಹೇಳುವ ಪ್ರತ್ಯೇಕ ಕಾನೂನು ಬರಲಿಲ್ಲ. ಅದರ ಫಲ 2024ರ ಜುಲೈ 18ರಂದು ಕಂಡಿತು: ವಜೀರ್‌ಎಕ್ಸ್ ಎಂಬ ವಿನಿಮಯ ಕೇಂದ್ರದಿಂದ ಸುಮಾರು 23 ಕೋಟಿ ಡಾಲರಿನ ನಾಣ್ಯ ಕಳವಾಯಿತು, ಲಕ್ಷಾಂತರ ಭಾರತೀಯರ ಹಣ ತಿಂಗಳುಗಟ್ಟಲೆ ಸಿಕ್ಕಿಬಿತ್ತು. ಕೊಬ್ಬರಿಯ ಬಾಕಿ ಉಳಿಸಿಕೊಂಡ ವರ್ತಕನ ಮೇಲೆ ದಂಡಿನಶಿವರದ ರೈತ ತನ್ನ ಸೀಮೆಯ ಮಾರುಕಟ್ಟೆ ಸಮಿತಿಗೇ ದೂರು ಕೊಡಬಲ್ಲ. ವಜೀರ್‌ಎಕ್ಸ್ ಗ್ರಾಹಕರಿಗೆ ಎಷ್ಟು ಮರಳಬೇಕೆಂಬ ಯೋಜನೆ ಇತ್ಯರ್ಥವಾದದ್ದು ಸಿಂಗಪುರದ ನ್ಯಾಯಾಲಯದಲ್ಲಿ.